ನೀರಿನ ತಟ್ಟೆಗೆ ಬರುವ ಚಳಿಗಾಲದ ಅತಿಥಿಗಳು

ಹಕ್ಕಿಗಳಿಗೆಂದು ಹಿತ್ತಲಲ್ಲೋ ತಾರಸಿಯಲ್ಲೋ ಕಾಳು ಹಾಕುವವರು ನಮ್ಮಲ್ಲಿ ಅನೇಕರಿದ್ದಾರೆ. ಕಾಳಿಗೆ ಬರುವುದು ಪಾರಿವಾಳ, ಗುಬ್ಬಚ್ಚಿ, ಕೆಲವೊಮ್ಮೆ ರಾಟವಾಳ. ಇವೆಲ್ಲ ವರ್ಷವಿಡೀ ನಮ್ಮೊಡನೆ ಇರುವ ಹಕ್ಕಿಗಳು. ಆದರೆ ಸುಮಾರು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ದೂರದಿಂದ ಬಂದ ಹಕ್ಕಿಗಳೂ ನಮ್ಮ ಹಿತ್ತಲುಗಳಲ್ಲಿ ಓಡಾಡುತ್ತವೆ. ಅವುಗಳನ್ನು ನೋಡುವುದು ಹೇಗೆ, ನೋಡಿದ್ದನ್ನು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬುದೇ ಈ ಪಾಠ.

ಕಾಳಿಗಿಂತ ನೀರು ಮೇಲು

ಹಿಮ ಬೀಳುವ ದೇಶಗಳಲ್ಲಿ ಚಳಿಗಾಲಕ್ಕೆ ಹಕ್ಕಿಗಳಿಗೆ ಆಹಾರ ಸಿಗುವುದು ಕಷ್ಟ. ಅಲ್ಲಿ ತೋಟದಲ್ಲಿ ಕಾಳಿನ ಬುಟ್ಟಿ ತೂಗುಹಾಕಿದರೆ ಅಪರೂಪದ ಹಕ್ಕಿಗಳೂ ಬರುತ್ತವೆ. ಕರ್ನಾಟಕದ ಸ್ಥಿತಿ ಬೇರೆ. ಇಲ್ಲಿನ ಹಿತ್ತಲುಗಳಿಗೆ ಬರುವ ಚಳಿಗಾಲದ ಅತಿಥಿಗಳಲ್ಲಿ ಹೆಚ್ಚಿನವು ಹುಳುಹುಪ್ಪಟೆ ತಿನ್ನುವಂಥವು. ಜೋಳ, ಅಕ್ಕಿ ಅವುಗಳಿಗೆ ಬೇಡ. ಆದರೆ ಕುಡಿಯಲು, ಮೀಯಲು ಎಲ್ಲಕ್ಕೂ ನೀರು ಬೇಕು. ಮಳೆ ನಿಂತು ನೆಲ ಒಣಗಿದಂತೆ ಒಂದು ತಟ್ಟೆ ನೀರೂ ಅವುಗಳನ್ನು ಸೆಳೆಯುತ್ತದೆ.

ಹೂಕುಂಡದ ಕೆಳಗಿಡುವ ಅಗಲವಾದ ಮಣ್ಣಿನ ತಟ್ಟೆ ಸಾಕು. ಆಳ 4–5 ಸೆಂಟಿಮೀಟರ್ ಮೀರಬಾರದು. ನಡುವೆ ಒಂದು ಚಪ್ಪಟೆ ಕಲ್ಲಿಡಿ, ಸಣ್ಣ ಹಕ್ಕಿಗಳು ಅದರ ಮೇಲೆ ನಿಲ್ಲುತ್ತವೆ. ತಟ್ಟೆಯನ್ನು ನೆರಳಿರುವ ಕಡೆ, ಪೊದೆಯಿಂದ ಎರಡು ಮೂರು ಮೀಟರ್ ದೂರದಲ್ಲಿ ಇಡಿ. ಹಕ್ಕಿ ಹಾರಿ ಪೊದೆ ಸೇರಲು ಅಷ್ಟು ದೂರ ಹೆಚ್ಚಲ್ಲ. ಹೊಂಚುಹಾಕುವ ಬೆಕ್ಕಿಗೆ ಅದು ಅನುಕೂಲವೂ ಅಲ್ಲ. ನೀರನ್ನು ದಿನವೂ ಚೆಲ್ಲಿ ಹೊಸದು ತುಂಬಬೇಕು, ವಾರಕ್ಕೆರಡು ಸಲ ತಟ್ಟೆಯನ್ನು ಉಜ್ಜಿ ತೊಳೆಯಬೇಕು. ಸೊಳ್ಳೆಯ ಮೊಟ್ಟೆ ಸೊಳ್ಳೆಯಾಗಲು ಸುಮಾರು ಒಂದು ವಾರ ಹಿಡಿಯುತ್ತದೆ. ದಿನವೂ ನೀರು ಬದಲಿಸುವ ತಟ್ಟೆಯಿಂದ ಡೆಂಗಿ ಹರಡುವ ಭಯವಿಲ್ಲ.

ಯಾರನ್ನು ನಿರೀಕ್ಷಿಸಬೇಕು?

ನವರಂಗ: ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಕಣ್ಣಿನ ಮೇಲೆ ಹಾದ ಕಪ್ಪು ಪಟ್ಟಿ, ಮೋಟು ಬಾಲ, ಬಾಲದ ಬುಡದಲ್ಲಿ ಕೆಂಪು. ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಕಾಡುಗಳಲ್ಲಿ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಕ್ಕೆ ಬರುತ್ತದೆ. ತರಗೆಲೆ ಕೆದಕುತ್ತಾ ನೆಲದಲ್ಲೇ ಇರುವುದರಿಂದ ಇದಕ್ಕಾಗಿ ತಟ್ಟೆಯೂ ನೆಲದ ಮೇಲಿರಬೇಕು. ಬೆಳಿಗ್ಗೆ, ಸಂಜೆ ಆರರ ಹೊತ್ತಿಗೆ ಕೂಗುವುದರಿಂದ ತಮಿಳರು ಇದನ್ನು ‘ಆರು ಗಂಟೆಯ ಹಕ್ಕಿ’ ಎನ್ನುತ್ತಾರೆ.

ರಾಜಹಕ್ಕಿ: ಉದ್ದ ಬಾಲದ ಗಂಡನ್ನು ಗುರುತಿಸುವುದು ಸುಲಭ. ಹೆಣ್ಣು ಮತ್ತು ಎಳೆಯ ಗಂಡುಗಳಿಗೆ ಆ ಬಾಲವಿಲ್ಲ. ಕಪ್ಪು ಜುಟ್ಟು, ಕಂದು ಬೆನ್ನು ನೋಡಿ ಪಿಕಳಾರವೆಂದು ಬಿಟ್ಟುಬಿಡುವವರೇ ಹೆಚ್ಚು. ಬಾಲದ ಬುಡ ನೋಡಿ: ಅಲ್ಲಿ ಕೆಂಪು ಇದ್ದರೆ ಪಿಕಳಾರ, ಬೆನ್ನು, ಬಾಲ ಎರಡೂ ಇಟ್ಟಿಗೆ ಬಣ್ಣವಿದ್ದು ಹೊಟ್ಟೆ ಬೆಳ್ಳಗಿದ್ದರೆ ರಾಜಹಕ್ಕಿ.

ಕಿತ್ತಳೆ ತಲೆಯ ನೆಲಸಿಳ್ಳಾರ: ಇದರಲ್ಲಿ ಎರಡು ಬಗೆ. ನಮ್ಮಲ್ಲೇ ನೆಲೆಸಿರುವ ಹಕ್ಕಿಯ ಕೆನ್ನೆ ಬಿಳಿ, ಅದರ ಮೇಲೆ ಎರಡು ಕಪ್ಪು ಗೀರುಗಳು. ಹಿಮಾಲಯದ ಕಡೆಯಿಂದ ಬರುವ ಹಕ್ಕಿಯ ಮುಖ ಗೀರುಗಳಿಲ್ಲದ ಕಿತ್ತಳೆ ಬಣ್ಣ. ಮುಖವೊಂದನ್ನು ಸರಿಯಾಗಿ ನೋಡಿದರೆ ಬಂದವರು ನೆರೆಯವರೋ ದೂರದವರೋ ತಿಳಿಯುತ್ತದೆ.

ಕಾಡು ಸಿಪಿಲೆ: ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ, ಇದು ಎಡಕ್ಕೂ ಬಲಕ್ಕೂ ಆಡಿಸುತ್ತದೆ. ಬಿಳಿ ಎದೆಯ ಮೇಲೆ ಎರಡು ಕಪ್ಪು ಪಟ್ಟಿಗಳಿರುತ್ತವೆ.

ಪೊದೆಯೊಳಗಿಂದ ‘ಚಕ್, ಚಕ್’ ಎನ್ನುವ ಮಾಸಲು ಕಂದುಬಣ್ಣದ ಪುಟ್ಟ ಹಕ್ಕಿಯನ್ನು ಕಡೆಗಣಿಸಬೇಡಿ. ಅದು ಬ್ಲಿತ್ ಎಂಬವರ ಹೆಸರಿನ ಉಲಿಯಕ್ಕಿ ಇರಬಹುದು. ಫಿನ್ಲೆಂಡ್‌ನಿಂದ ಮಧ್ಯ ಏಷ್ಯಾದವರೆಗಿನ ನಾಡುಗಳಲ್ಲಿ ಮರಿಮಾಡುವ ಹಕ್ಕಿಯದು.

ಸುದ್ದಿ ಖಚಿತವಾಗಿರಲಿ

ಪವಿತ್ರ ಕುರ್‌ಆನ್‌ನ 27ನೇ ಅಧ್ಯಾಯದಲ್ಲಿ ಬರುವ ಹುದ್‌ಹುದ್ ಹಕ್ಕಿಯ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಕನ್ನಡದಲ್ಲಿ ನಾವು ಚಂದ್ರಮುಕುಟ ಎನ್ನುವ ಹಕ್ಕಿ ಅದೇ. ಸಬಾ ನಾಡಿನ ರಾಣಿಯ ಸುದ್ದಿಯನ್ನು ಅದು ತಂದಾಗ ಪ್ರವಾದಿ ಸುಲೈಮಾನ್ (ಅ) ಅದನ್ನು ತಳ್ಳಿಹಾಕಲಿಲ್ಲ, ಕೇಳಿದ ಕೂಡಲೇ ಒಪ್ಪಲೂ ಇಲ್ಲ. ನಿಜವೋ ಸುಳ್ಳೋ ನೋಡೋಣ ಎಂದು ಪತ್ರ ಕೊಟ್ಟು ಕಳುಹಿಸಿದರು. ಅಪರೂಪದ ಹಕ್ಕಿ ಕಂಡೆವೆನ್ನುವವರೂ ಅದನ್ನು ಕೇಳುವವರೂ ಕಲಿಯಬೇಕಾದ ನಡತೆ ಇದು.

ಹಾಗಾಗಿ ಮೊದಲು ಬರೆಯಿರಿ, ಆಮೇಲೆ ಹೆಸರಿಡಿ. ಪುಸ್ತಕವನ್ನೋ ಮೊಬೈಲನ್ನೋ ತೆರೆಯುವ ಮುನ್ನ ಐದು ಸಂಗತಿ ಗುರುತು ಹಾಕಿಕೊಳ್ಳಿ: ಗಾತ್ರ (ಗುಬ್ಬಚ್ಚಿಯಷ್ಟೋ, ಗೊರವಂಕದಷ್ಟೋ), ಕೊಕ್ಕಿನ ಆಕಾರ, ಮುಖ ಮತ್ತು ರೆಕ್ಕೆಯ ಗುರುತು, ಬಾಲದ ಚಲನೆ, ಕೂಗು. ದಿನಾಂಕ, ಸಮಯ, ಸ್ಥಳವೂ ಇರಲಿ. ಚಿತ್ರ ನೋಡಿದ ಮೇಲೆ ಬರೆದರೆ, ಕಾಣದ ಗುರುತನ್ನೂ ಕಂಡೆವೆಂದು ಮನಸ್ಸು ಹೇಳಿಬಿಡುತ್ತದೆ. ಬಳಿಕ ನಮ್ಮಲ್ಲಿ ಸಾಮಾನ್ಯವಾಗಿರುವ ಯಾವ ಹಕ್ಕಿ ಹೀಗೆ ಕಾಣುತ್ತದೆ ಎಂದು ಕೇಳಿಕೊಳ್ಳಿ. ಅದಲ್ಲ ಎನ್ನಲು ಕಾರಣ ಸಿಕ್ಕಾಗ ಮಾತ್ರ ಅಪರೂಪದ್ದರ ಹೆಸರು ಬರೆಯಿರಿ. ಕಾರಣ ಸಿಗದಿದ್ದರೆ ‘ಗುರುತಾಗಲಿಲ್ಲ’ ಎಂದು ಬರೆಯುವುದೂ ವಿಜ್ಞಾನವೇ.

1908ರಲ್ಲಿ ಮುಂಬೈಯ ಬಾಲಕನೊಬ್ಬ ತಾನು ಹೊಡೆದ ಗುಬ್ಬಿಯ ಕೊರಳಲ್ಲಿ ಹಳದಿ ಮಚ್ಚೆ ಇರುವುದನ್ನು ಗಮನಿಸಿದ. ಎಲ್ಲ ಗುಬ್ಬಿಗಳಂತೆ ಇದೂ ಒಂದು ಎಂದು ಬಿಡದೆ, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಹೋಗಿ ವಿಚಾರಿಸಿದ. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಅದು ಹಳದಿ ಕೊರಳಿನ ಗುಬ್ಬಿ ಎಂದು ತಿಳಿಸಿ, ಸಂಗ್ರಹದಲ್ಲಿದ್ದ ಹಕ್ಕಿಗಳನ್ನೆಲ್ಲ ತೋರಿಸಿದರು. ಆ ಬಾಲಕನೇ ಮುಂದೆ ದೇಶದ ಹೆಸರಾಂತ ಪಕ್ಷಿವಿಜ್ಞಾನಿಯಾದ ಸಲೀಂ ಅಲಿ (1896–1987). ಅವರ ಬದುಕಿನ ದಿಕ್ಕು ಬದಲಿಸಿದ್ದು ಒಂದು ಸಣ್ಣ ಹಳದಿ ಮಚ್ಚೆ.

ನಿಮ್ಮ ಪುಟ ಎಲ್ಲಿಗೆ ಸೇರುತ್ತದೆ?

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ 942 ಪ್ರಭೇದಗಳ ಸ್ಥಿತಿ ಪರಿಶೀಲಿಸಿ, ಅವುಗಳಲ್ಲಿ 178ಕ್ಕೆ ಸಂರಕ್ಷಣೆಯ ತುರ್ತು ಅಗತ್ಯವಿದೆ ಎಂದಿತು. ಅದಕ್ಕೆ ಆಧಾರ, 30 ಸಾವಿರಕ್ಕೂ ಹೆಚ್ಚು ಪಕ್ಷಿವೀಕ್ಷಕರು ಇ-ಬರ್ಡ್ ತಾಣದಲ್ಲಿ ದಾಖಲಿಸಿದ ಪಟ್ಟಿಗಳು. ವೀಕ್ಷಕರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ. ಬರೆಯದೆ ಬಿಟ್ಟ ಹಕ್ಕಿ ಆ ಲೆಕ್ಕಕ್ಕೆ ಸಿಗುವುದಿಲ್ಲ. ತಪ್ಪಾಗಿ ಬರೆದ ಹಕ್ಕಿ ಇಲ್ಲದ ಕಡೆ ಇದೆಯೆಂದು ತೋರಿಸುತ್ತದೆ. ಎರಡೂ ಹಕ್ಕಿಗೆ ನಷ್ಟವೇ.

ಪ್ರತಿ ವರ್ಷ ಫೆಬ್ರವರಿಯಲ್ಲಿ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ನಡೆಯುತ್ತದೆ. ಮನೆಯಲ್ಲೋ ಕಾಲೇಜಿನ ಆವರಣದಲ್ಲೋ ಕನಿಷ್ಠ 15 ನಿಮಿಷ ನೋಡಿ, ಕಂಡ ಎಲ್ಲ ಹಕ್ಕಿಗಳನ್ನೂ ಎಣಿಸಿ ದಾಖಲಿಸಿದರೆ ನೀವೂ ಅದರಲ್ಲಿ ಪಾಲ್ಗೊಂಡಂತೆ. ಅಲ್ಲಿಯವರೆಗೆ ಅಭ್ಯಾಸಕ್ಕೆ ಸಮಯವಿದೆ. ಈ ವಾರ ತಟ್ಟೆ ಇಡಿ. ಮೊದಲ ಕೆಲವು ದಿನ ಕಾಗೆ, ಗೊರವಂಕಗಳಷ್ಟೇ ಬಂದರೆ ಬೇಸರ ಬೇಡ, ಅವನ್ನೂ ಬರೆಯಿರಿ. ಸಾಮಾನ್ಯ ಹಕ್ಕಿಗಳ ಪರಿಚಯ ಗಟ್ಟಿಯಾಗಿದ್ದರೆ ಮಾತ್ರ ಹೊಸಬರು ಬಂದಾಗ ತಕ್ಷಣ ಗೊತ್ತಾಗುತ್ತದೆ.