ಮತ್ತೆ ಮತ್ತೆ ಬಿಡಿಸಿದ ಕದನ

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ ಪೊಲ್ಲಿಲೂರು ಕದನದ ಚಿತ್ರವಿದೆ. ಕೆಂಪು ಕೋಟಿನ ಪಡೆ ಚೌಕಾಕಾರವಾಗಿ ನಿಂತಿದೆ. ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ವಿಲಿಯಂ ಬೈಲಿ ಬೆರಳು ಕಚ್ಚಿಕೊಂಡು ಕೂತಿದ್ದಾನೆ. ಪಕ್ಕದಲ್ಲಿ ಮದ್ದಿನ ಬಂಡಿ ಸಿಡಿಯುತ್ತಿದೆ, ಸುತ್ತಲಿಂದ ಮೈಸೂರಿನ ಕುದುರೆಗಳು ನುಗ್ಗುತ್ತಿವೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ನಡೆದ ಈ ಕಾಳಗದಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಒಂದು ಇಡೀ ದಳವನ್ನೇ ಮುಗಿಸಿಬಿಟ್ಟರು. ಕೆಲವೇ ಮೈಲಿ ದೂರದಲ್ಲಿದ್ದ ಕಂಪನಿಯ ಸೇನಾಪತಿ ಹೆಕ್ಟರ್ ಮನ್ರೋ ನೆರವಿಗೆ ಬರಲಿಲ್ಲ. ಭಾರದ ಫಿರಂಗಿಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದರಾಸಿಗೆ ಹಿಂದಿರುಗಿದ.

ನಾನು ಪರಿಕಲ್ಪನಾ ಕಲೆಯವಳು. ಕಡತ, ನಕ್ಷೆ, ಶಾಸನ, ಕೇಳಿದ ಮಾತು, ಇವೇ ನನ್ನ ಬಣ್ಣ ಮತ್ತು ಬಟ್ಟೆ. ಈ ಗೋಡೆಯ ಹಿಂದೆ ಬಿದ್ದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಕದನಕ್ಕಿಂತ ಹೆಚ್ಚಾಗಿ ಗೋಡೆಯ ಪಾಡು. ಅರಮನೆ ಕಟ್ಟಿದ್ದು 1784ರಲ್ಲಿ. 1799ರಲ್ಲಿ ಕಂಪನಿಯ ಪಡೆ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕುವ ಹೊತ್ತಿಗೆ ಚಿತ್ರ ಕೆಟ್ಟುಹೋಗಿತ್ತು. ಟಿಪ್ಪು ಮಡಿದ ಮೇಲೆ ಇದೇ ಮನೆಯಲ್ಲಿ ಇಳಿದುಕೊಂಡ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. ತನ್ನವರ ಸೋಲನ್ನು ಗೆದ್ದವನೇ ನಿಂತು ಬರೆಸಿದ್ದು! ಆಮೇಲೆ ಯಾರೋ ಸುಣ್ಣ ಬಳಿದರು. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಮೊದಲಿನ ಚಿತ್ರ ನೆನಪಿದ್ದ ಇಲ್ಲಿನ ಕಲಾವಿದನೊಬ್ಬನಿಂದ ಪುನಃ ಬರೆಸಿದ.

ಹಾಗಾದರೆ ನಾವು ಇವತ್ತು ನೋಡುತ್ತಿರುವುದು ಯಾರ ಯುದ್ಧ? ಗೆದ್ದಾಗ ಟಿಪ್ಪು ಬರೆಸಿದ್ದೇ, ವೆಲ್ಲೆಸ್ಲಿ ಉಳಿಸಬೇಕೆಂದುಕೊಂಡದ್ದೇ, ಮುದಿ ಕಲಾವಿದನೊಬ್ಬನ ನೆನಪೇ? ಯುದ್ಧದ ಚರಿತ್ರೆಯನ್ನು ಕೆದಕುವ ಕಲಾವಿದರು ನಡೆದದ್ದನ್ನು ಮರಳಿ ಚಿತ್ರಿಸಲು ಹೊರಡಬಾರದು, ಅದನ್ನು ಯಾರು ಅಳಿಸಿದರು, ಯಾರು ಮತ್ತೆ ಬರೆಸಿದರು ಎನ್ನುವುದನ್ನೇ ಕಾಣಿಸಬೇಕು ಎಂದು ನಾನು ಕಲಿತದ್ದು ಇಲ್ಲಿ. ಬಟರ್ ಪೇಪರಿನ ಹಾಳೆಗಳಲ್ಲಿ ಒಂದೊಂದು ಕಾಲದ ಗೆರೆಗಳನ್ನು ಎಳೆದು, ನಡುವೆ ಬರೀ ಸುಣ್ಣದ ಹಾಳೆಗಳನ್ನು ಸೇರಿಸಿ, ಒಂದರ ಹಿಂದೊಂದು ತೂಗುಹಾಕಿದೆ. ಯಾವ ಗೆರೆ ಯಾರದು ಎಂದು ನೋಡುವವರಿಗೆ ಬೇರ್ಪಡಿಸಲು ಆಗುವುದಿಲ್ಲ. ಆಗಬಾರದು ಎಂಬುದೇ ನನ್ನ ಉದ್ದೇಶವಾಗಿತ್ತು.

ನೋಡಲು ಬಂದ ಗಂಜಾಂನ ಹಿರಿಯ ಹೆಂಗಸೊಬ್ಬರು ಹಾಳೆಗಳ ನಡುವೆ ಬಹಳ ಹೊತ್ತು ಓಡಾಡಿ ಕೇಳಿದರು: "ಎಲ್ಲಾ ಸರಿ ಕಣವ್ವ, ಇಲ್ಲಿ ಬಿದ್ದಿರೋರು ಯಾವೂರೋರು? ಅವ್ರಿಗೂ ಹೆಸ್ರು ಇತ್ತಲ್ವಾ?"

ಆ ಪ್ರಶ್ನೆ ಹಿಡಿದು ಶ್ರೀರಂಗಪಟ್ಟಣದ ದ್ವೀಪವನ್ನು ಮತ್ತೆ ಸುತ್ತಿದೆ. ಸೆರೆಯಲ್ಲೇ 1782ರಲ್ಲಿ ಸತ್ತ ಬೈಲಿಗೆ, ಹೈದರ್ ಮತ್ತು ಟಿಪ್ಪು ಸಮಾಧಿಯಿರುವ ಗುಂಬಜ್‌ನ ಬಳಿ ಸ್ಮಾರಕವಿದೆ. ಅವನ ಸೋದರಳಿಯ 1816ರಲ್ಲಿ ಕಟ್ಟಿಸಿದ್ದು. ಪೊಲ್ಲಿಲೂರಿನಲ್ಲಿ ಸೆರೆಸಿಕ್ಕು ವರ್ಷಗಟ್ಟಲೆ ಇಲ್ಲಿ ಕೊಳೆತ ಡೇವಿಡ್ ಬೇರ್ಡ್, 1799ರ ಮೇ 4ರಂದು ಇದೇ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳಾದ. ಅವನ ಕಥೆ ಪುಸ್ತಕಗಳಲ್ಲಿದೆ. ಆದರೆ ಬೈಲಿಯ ದಳದಲ್ಲಿ ಬಹುಪಾಲು ಇದ್ದದ್ದು ದೇಶೀ ಸಿಪಾಯಿಗಳು. ಎದುರಿಗೂ ನಮ್ಮ ಹಳ್ಳಿಗಳವರಿದ್ದರು. ಪಲ್ಲಕ್ಕಿ ಹೊತ್ತವರು, ಎತ್ತಿನ ಬಂಡಿ ಹೊಡೆದವರು, ಬಾಣ ಹಾರಿಸಿದವರು, ಇವರಲ್ಲಿ ಒಬ್ಬರ ಹೆಸರು ಕೆತ್ತಿದ ಕಲ್ಲೂ ನನಗೆ ಅಲ್ಲಿ ಸಿಗಲಿಲ್ಲ. ಗೋಡೆಯ ಮೇಲೆ ಅವರ ಮುಖಗಳು ಸಾಲುಸಾಲಾಗಿವೆ, ಹೆಚ್ಚುಕಡಿಮೆ ಒಂದೇ ಅಚ್ಚು.

ಕಡತಗಳಲ್ಲಿ ಸಿಗದ್ದನ್ನು ಕಲ್ಪಿಸಿ ತುಂಬಬಹುದಲ್ಲ ಎಂದು ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. ಇಲ್ಲದ ಹೆಸರು ಕೊಟ್ಟರೆ ಇದ್ದ ಮನುಷ್ಯನನ್ನು ಇನ್ನೊಮ್ಮೆ ಸುಣ್ಣದಡಿಗೆ ತಳ್ಳಿದ ಹಾಗೆ. ಹೆಸರುಗಳ ಜಾಗವನ್ನು ಖಾಲಿ ಬಿಟ್ಟೆ. ಊರೂರಿನಲ್ಲಿ ಕೇಳುವ ಕೆಲಸ ಇನ್ನೂ ನಡೆದಿದೆ.

ನಿಮ್ಮ ಮನೆತನದಲ್ಲಿ ಹೈದರ್, ಟಿಪ್ಪು ಕಾಲದ ದಂಡಿಗೆ ಹೋದವರ ಮಾತು ಉಳಿದಿದ್ದರೆ, ಇನಾಮಿನ ಕಾಗದವೋ ಕತ್ತಿಯೋ ಇದ್ದರೆ, ಹಿರಿಯರು ಇರುವಾಗಲೇ ಕೇಳಿ ಬರೆದಿಡಿ. ಒಂದು ನಕಲನ್ನು ಮೈಸೂರಿನ ವಿಭಾಗೀಯ ಪತ್ರಾಗಾರಕ್ಕೆ ತಲುಪಿಸಿ.