ಏರ್ ಹಿಡಿದ ಎಂಜಿನ್ ಕಲಿಸಿದ್ದು

ಮಲ್ಪೆಯಿಂದ ಕಾಪುವರೆಗಿನ ಕಡಲ ಬದಿಯಲ್ಲಿ ನಾಡದೋಣಿಯ ಔಟ್‌ಬೋರ್ಡ್, ಟ್ರಾಲ್ ಬೋಟಿನ ಡೀಸೆಲ್ ಎಂಜಿನ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಐಟಿಐ ಮುಗಿಸಿ ಸ್ಪಾನರ್ ಹಿಡಿದ ಹೊಸತರಲ್ಲಿ ಪಿಸ್ಟನ್, ನೋಝಲ್, ಕಾರ್ಬುರೇಟರ್ ಬಿಟ್ಟರೆ ಬೇರೆ ಯಾವುದಕ್ಕೂ ನಾನು ಬೆಲೆ ಕೊಡುತ್ತಿರಲಿಲ್ಲ. ಟ್ಯಾಂಕಿನಿಂದ ಎಂಜಿನ್ನಿಗೆ ಬರುವ ಪೈಪು ಅಂದರೆ ಬರೀ ಪೈಪು. ನನ್ನ ಮರ್ಯಾದೆ ಹೋದದ್ದೆಲ್ಲ ಹೆಚ್ಚಾಗಿ ಆ ಪೈಪಿನಲ್ಲೇ.

1. ಎಂಜಿನ್ ಬಿಚ್ಚುವ ಮೊದಲು ಬಲ್ಬು ಹಿಂಡಿ ನೋಡಿ

ಔಟ್‌ಬೋರ್ಡಿನ ಪೈಪಿನ ನಡುವೆ ಒಂದು ರಬ್ಬರ್ ಬಲ್ಬು ಇರುತ್ತದೆ. ಒಳಗೆ ಎರಡು ವಾಲ್ವು, ಮೇಲೊಂದು ಬಾಣದ ಗುರುತು. ಬಾಣ ಎಂಜಿನ್ ಕಡೆಗೆ ಇರಬೇಕು. ಹಿಂಡಿದರೆ ಟ್ಯಾಂಕಿನ ಎಣ್ಣೆ ಕಾರ್ಬುರೇಟರಿಗೆ ಏರುತ್ತದೆ, ಅದು ತುಂಬಿದಾಗ ಬಲ್ಬು ಗಟ್ಟಿಯಾಗುತ್ತದೆ. ಕಾಪುವಿನ ಒಂದು ದೋಣಿಯ ಎಂಜಿನ್ ದಡ ಬಿಟ್ಟು ಸ್ವಲ್ಪ ದೂರ ಹೋದದ್ದೇ ಉಸಿರು ಬಿಡುತ್ತಿತ್ತು. ನಾನು ಕಾರ್ಬುರೇಟರ್ ಬಿಚ್ಚಿದೆ, ತೊಳೆದೆ, ಪ್ಲಗ್ ಬದಲಿಸಿದೆ. ಮರುದಿನ ಅದೇ ಕಥೆ. ಬಲ್ಬು ಚಪ್ಪಟೆಯಾಗಿ ಒಳಗೆ ಎಳೆದುಕೊಂಡದ್ದು ಕಣ್ಣೆದುರೇ ಇತ್ತು, ನೋಡಿಯೂ ನನಗೆ ಅರ್ಥವಾಗಲಿಲ್ಲ. ಕೊನೆಗೆ ದೋಣಿಯವರೇ, "ತಮ್ಮಾ, ಈ ಮುಚ್ಚಳದ ಸ್ಕ್ರೂ ಬಿಗಿ ಇದ್ದರೆ ತೊಂದರೆ ಉಂಟಾ?" ಎಂದು ಕೇಳಿದರು. ಟ್ಯಾಂಕಿಗೆ ಗಾಳಿ ಹೋಗುವ ದಾರಿಯೇ ಮುಚ್ಚಿತ್ತು. ಅವತ್ತು ಕೂಲಿ ಕೇಳಲು ನಾಲಗೆ ಬರಲಿಲ್ಲ.

ಬಲ್ಬು ಚಪ್ಪಟೆಯಾದರೆ ಟ್ಯಾಂಕಿನ ಕಡೆ ಎಲ್ಲೋ ಕಟ್ಟಿದೆ. ಎಷ್ಟು ಹಿಂಡಿದರೂ ಗಟ್ಟಿಯಾಗದಿದ್ದರೆ ಗಾಳಿ ಸೇರುತ್ತಿದೆ, ಬಲ್ಬಿನ ವಾಲ್ವು ಹೋಗಿದೆ, ಇಲ್ಲವೇ ಕಾರ್ಬುರೇಟರಿನ ಸೂಜಿ ಕೂರುತ್ತಿಲ್ಲ. ಇಷ್ಟು ತಿಳಿಯಲು ಒಂದು ಸ್ಪಾನರೂ ಬೇಡ.

2. ಹನಿ ಬೀಳದಿದ್ದರೆ ಸೋರಿಕೆ ಇಲ್ಲ ಎಂದುಕೊಳ್ಳಬೇಡಿ

ಇದು ನನಗೆ ಅತಿ ದುಬಾರಿ ಬಿದ್ದ ಪಾಠ. ಹಣ ಮಾತ್ರ ಬೋಟಿನ ಮಾಲಕರದ್ದು.

ಮಲ್ಪೆಯ ಒಂದು ಟ್ರಾಲ್ ಬೋಟು. ದಕ್ಕೆಯಲ್ಲಿ ಎಂಜಿನ್ ಗಡಿಯಾರದಂತೆ ಓಡುತ್ತದೆ, ಕಡಲಲ್ಲಿ ಎರಡು ದಿನ ಕಳೆದ ಮೇಲೆ ಆರ್‌ಪಿಎಂ ಏರಿಳಿಯುತ್ತದೆ, ಬಲೆ ಎಳೆಯುವಾಗ ನಿಂತೇ ಹೋಗುತ್ತದೆ. ಬೋಟು ನಡೆಸುವ ತಾಂಡೇಲರು ಫೀಡ್ ಪಂಪಿನ ಕೈಪಂಪು ಒತ್ತಿ, ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ ಏರ್ ತೆಗೆದು ಹೇಗೋ ದಡ ಸೇರುತ್ತಿದ್ದರು. ನಾನು ನೋಝಲ್ ಮೇಲೆ ಗೂಬೆ ಕೂರಿಸಿದೆ, ಆಮೇಲೆ ಇಂಜೆಕ್ಷನ್ ಪಂಪಿನ ಮೇಲೆ. ಎರಡೂ ಕ್ಯಾಲಿಬ್ರೇಶನ್ನಿಗೆ ಹೋಗಿ ಬಂದವು, ಬಿಲ್ಲೂ ಬಂತು, ಬೋಟು ಮತ್ತೆ ನಡುಗಡಲಲ್ಲಿ ನಿಂತಿತು. ಪೈಪಿಗೆ ಕೈಯಾಡಿಸಿ ನೋಡಿದ್ದೆ, ಒಂದು ಹನಿಯೂ ಇರಲಿಲ್ಲ.

ಪಕ್ಕದ ಬೋಟಿನಲ್ಲಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರು ಫೀಡ್ ಪಂಪಿನ ಮುಂಚೆ ಒಂದು ತುಂಡು ಪಾರದರ್ಶಕ ಪ್ಲಾಸ್ಟಿಕ್ ಪೈಪು ಹಾಕಿಸಿದರು. ಸಾಲು ಸಾಲು ಗುಳ್ಳೆ. "ಇಲ್ಲಿ ಡೀಸೆಲ್ ಹೊರಗೆ ಬರುವುದಿಲ್ಲ ಮಾರಾಯ, ಗಾಳಿ ಒಳಗೆ ಹೋಗ್ತದೆ" ಎಂದರು. ಪಂಪಿನ ಈಚೆ ಪೈಪಿನಲ್ಲಿ ಇರುವುದು ಎಳೆತ. ಟ್ಯಾಂಕ್ ತುಂಬಿದ್ದಾಗ ಎಣ್ಣೆ ತನ್ನ ಭಾರಕ್ಕೇ ಇಳಿಯುತ್ತದೆ, ತೊಂದರೆ ಕಾಣದು. ಮಟ್ಟ ತಗ್ಗಿದ ಮೇಲೆ ಪಂಪು ಎಳೆಯತೊಡಗುತ್ತದೆ, ಕೂದಲೆಳೆಯ ಸಂದಿಯಿಂದಲೂ ಗಾಳಿ ನುಗ್ಗುತ್ತದೆ. ದಕ್ಕೆಯಲ್ಲಿ ಸರಿ, ಕಡಲಲ್ಲಿ ಕೆಡುವ ಗುಟ್ಟು ಇಷ್ಟೇ. ಸಂದಿ ಎಲ್ಲಿತ್ತು ಅಂದರೆ, ಹಿಂದಿನ ಸರ್ವಿಸಿನಲ್ಲಿ ನಾನೇ ಉಳಿಸಿ ಮತ್ತೆ ಹಾಕಿದ ಹಳೇ ಕಾಪರ್ ವಾಷರಿನಲ್ಲಿ. ಮಾಲಕರಿಗೆ ಹೇಳಿದೆ. ಬೈದರು, ಆದರೆ ಕೆಲಸದಿಂದ ಬಿಡಿಸಲಿಲ್ಲ.

3. ಪಂಪು ಎಳೆಯುವುದಕ್ಕಿಂತ ದೂಡಲಿ

ಮಣಿಪಾಲದ ಇಬ್ಬರು ಎಂಜಿನಿಯರಿಂಗ್ ಹುಡುಗರು ಮನೆಯಲ್ಲೇ ಕಟ್ಟಬಹುದಾದ ಸಣ್ಣ ವಿಮಾನದ ನಕ್ಷೆ ಹಿಡಿದು ನನ್ನ ಶೆಡ್ಡಿಗೆ ಬಂದಿದ್ದರು. ಅದರಲ್ಲೂ ನಮ್ಮದೇ ರಬ್ಬರ್ ಬಲ್ಬು! ಬೆಂಗಳೂರಿನ ರಾಜ್‌ಹಂಸ ಕಂಪನಿಯ ಎಕ್ಸ್-ಏರ್‌ನಂಥ ಹಗುರ ವಿಮಾನಗಳಿಗೆ ಬರುವ ಎರಡು ಸ್ಟ್ರೋಕಿನ ರೋಟಾಕ್ಸ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸಿನ ಒತ್ತಡದ ಮಿಡಿತದಿಂದಲೇ ಡಯಾಫ್ರಾಮ್ ಪಂಪು ನಡೆಯುತ್ತದೆ. ನನ್ನ ಔಟ್‌ಬೋರ್ಡಿನಲ್ಲೂ ಅದೇ. ಉಬ್ಬಿ ಹೋದೆ. ಎಲೆಕ್ಟ್ರಿಕ್ ಬೂಸ್ಟ್ ಪಂಪು ಎಲ್ಲಿಡಬೇಕು ಎಂದು ಕೇಳಿದಾಗ, "ಎಂಜಿನ್ ಹತ್ತಿರವೇ ಇಡಿ, ರಿಪೇರಿಗೆ ಸುಲಭ" ಎಂದುಬಿಟ್ಟೆ.

ಹುಡುಗರು ಮೆಲ್ಲನೆ ತಿದ್ದಿದರು. ಎಳೆದಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೆ ಪೆಟ್ರೋಲು ಕಡಿಮೆ ಬಿಸಿಗೇ ಕುದಿದು ಆವಿಯಾಗುತ್ತದೆ. ಜೊತೆಗೆ ಎಂಜಿನ್ನಿನ ಕಾವು ಬೇರೆ. ಆವಿ ತುಂಬಿದ ಪಂಪು ತಿರುಗುತ್ತದೆ, ಎಣ್ಣೆ ಮಾತ್ರ ಹೋಗದು. ಅದಕ್ಕೇ ಬೂಸ್ಟ್ ಪಂಪನ್ನು ಟ್ಯಾಂಕಿನ ಹತ್ತಿರ, ತಗ್ಗಿನಲ್ಲಿ ಇಟ್ಟು ಎಣ್ಣೆಯನ್ನು ದೂಡಿಸುತ್ತಾರೆ. ರೆಕ್ಕೆ ತಲೆಯ ಮೇಲಿದ್ದು ಟ್ಯಾಂಕ್ ಅದರಲ್ಲಿದ್ದರೆ ಎಣ್ಣೆ ತಾನಾಗಿ ಇಳಿಯುತ್ತದೆ. ಕಾರ್ಕಳದಲ್ಲಿ ನನ್ನ ಭಾವನ ತೋಟದ ಹಳೇ ಡೀಸೆಲ್ ಪಂಪ್‌ಸೆಟ್ಟಿನಲ್ಲೂ ಟ್ಯಾಂಕ್ ಮೇಲೆಯೇ. ಏರ್ ತೆಗೆಯಲು ಸ್ಕ್ರೂ ಸಡಿಲಿಸಿದರೆ ಸಾಕು. ರೆಕ್ಕೆ ಕೆಳಗಿರುವ ವಿಮಾನಕ್ಕೆ ಆ ಸುಖವಿಲ್ಲ. ಎಂಜಿನ್ನಿನ ಪಂಪು ಕೈಕೊಟ್ಟರೂ ಎಣ್ಣೆ ನಿಲ್ಲಬಾರದೆಂದು ಏರುವಾಗ, ಇಳಿಯುವಾಗ ಬೂಸ್ಟ್ ಪಂಪು ಹಾಕಿಟ್ಟಿರುತ್ತಾರೆ. ಬೆಂಗಳೂರಿನ ಎನ್‌ಎಎಲ್ ಸಂಸ್ಥೆ ರೂಪಿಸಿದ ಹಂಸ-3 ವಿಮಾನದ ರೋಟಾಕ್ಸ್ 914 ಎಂಜಿನ್ನಿಗೆ ಎಂಜಿನ್ನಿನಿಂದ ನಡೆಯುವ ಪಂಪೇ ಇಲ್ಲ, ಎರಡು ಎಲೆಕ್ಟ್ರಿಕ್ ಪಂಪು. ಆ ಹುಡುಗರಿಂದ ನಾನು ಚಹಾದ ದುಡ್ಡೂ ತೆಗೆದುಕೊಳ್ಳಲಿಲ್ಲ.

4. ಗಟ್ಟಿಯಾದ ಮೇಲೆ ಹಿಂಡಬೇಡಿ

ಸ್ಟಾರ್ಟ್ ಆಗದ ಸಿಟ್ಟಿಗೆ ಬಲ್ಬನ್ನು ಹಿಂಡುತ್ತಲೇ ಇದ್ದರೆ ಪ್ಲಗ್ ನೆನೆದು ಕೆಲಸ ಇನ್ನಷ್ಟು ಕೆಡುತ್ತದೆ. ನನ್ನ ಮೊದಲ ವರ್ಷಗಳಲ್ಲಿ ದೋಣಿಯವರಿಗಿಂತ ನಾನೇ ಹೆಚ್ಚು ಹಿಂಡಿದ್ದೇನೆ.

5. ನಾಳೆಯ ಸ್ಟಾರ್ಟು ಇವತ್ತು ನಿಲ್ಲಿಸುವಾಗಲೇ

ಸೀಮೆಎಣ್ಣೆಯ ಔಟ್‌ಬೋರ್ಡನ್ನು ಪೆಟ್ರೋಲಿನಲ್ಲಿ ಎಬ್ಬಿಸಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳಿಸುತ್ತೇವೆ. ತಣ್ಣಗಿನ ಎಂಜಿನ್ನಿನಲ್ಲಿ ಸೀಮೆಎಣ್ಣೆ ಸುಲಭಕ್ಕೆ ಆವಿಯಾಗದು. ದಡ ಹತ್ತಿರವಾದಾಗ ಮತ್ತೆ ಪೆಟ್ರೋಲಿಗೆ ಬರಬೇಕು, ಕಾರ್ಬುರೇಟರಿನಲ್ಲಿ ಉಳಿಯುವುದು ಪೆಟ್ರೋಲೇ ಆಗಬೇಕು. ಇದನ್ನು ಮರೆತವರ ಎಂಜಿನ್ನಿಗೆ ನಾನು ಬೆಳಗಿನ ಜಾವ ಹಗ್ಗ ಎಳೆದು ಎಳೆದು ಭುಜ ನೋಯಿಸಿಕೊಂಡಿದ್ದೇನೆ.

ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆ ಮಳೆಗಾಲವೇ ನಾಡದೋಣಿಗಳ ಸುಗ್ಗಿ. ಸುಗ್ಗಿ ಮುಗಿದ ಮೇಲೆ ಪೆಟ್ರೋಲನ್ನು ಪೈಪಿನಲ್ಲೇ ಬಿಟ್ಟು ಎಂಜಿನ್ ಕಟ್ಟಿಡಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ. ಅದು ನೀರು ಹೀರುತ್ತದೆ, ಹಳೇ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

6. ಸ್ಟಾರ್ಟ್ ಆದ ಮಾತ್ರಕ್ಕೆ ಅಳಿವೆ ದಾಟಬೇಡಿ

ಕಾರ್ಬುರೇಟರಿನ ಬಟ್ಟಲಲ್ಲಿ, ಪೈಪಿನಲ್ಲಿ ಉಳಿದ ಎಣ್ಣೆಗೇ ಎಂಜಿನ್ ಸ್ವಲ್ಪ ಹೊತ್ತು ಚೆನ್ನಾಗಿ ಓಡುತ್ತದೆ. ಕಾಕ್ ಮುಚ್ಚಿದ್ದರೂ ಓಡುತ್ತದೆ. ವಿಮಾನವಾದರೆ ಆ ಎಣ್ಣೆ ರನ್‌ವೇ ಬಿಟ್ಟೇಳುವಷ್ಟಕ್ಕೆ ಸಾಲಬಹುದು, ದೋಣಿಯಾದರೆ ತೆರೆ ಒಡೆಯುವ ಜಾಗದವರೆಗೆ. ಎಂಜಿನ್ ನಿಲ್ಲಬಾರದ ಜಾಗವೂ ಅದೇ. ದೋಣಿಯವರಲ್ಲಿ ನನ್ನ ವಿನಂತಿ ಇಷ್ಟು: ದಡದ ಬದಿಯ ತಿಳಿನೀರಿನಲ್ಲೇ ಹತ್ತು ನಿಮಿಷ ಓಡಿಸಿ, ಬಲ್ಬು ಮುಟ್ಟಿ ನೋಡಿ, ಮುಚ್ಚಳದ ಸ್ಕ್ರೂ ತೆರೆದಿದೆಯೇ ನೋಡಿ. ದೋಣಿಯಲ್ಲಿ ಒಂದು ಹೊಸ ಬಲ್ಬು, ನಾಲ್ಕು ಕ್ಲಿಪ್ಪು ಇರಲಿ. ನನ್ನನ್ನು ಕರೆಸುವುದಕ್ಕಿಂತ ಅದು ಅಗ್ಗ.