ನಂಬಿಕೆಯಿಂದ ವಿಶ್ರಾಂತಿ, ವಿಶ್ರಾಂತಿಯಿಂದ ಬಲ



ಶ್ರಾಂತಿ ಎಂದರೆ ಆಯಾಸ, ಅದು ನೀಗಿದ ಸ್ಥಿತಿಯೇ ವಿಶ್ರಾಂತಿ ಎಂದು ತರಗತಿಯಲ್ಲಿ ನಾವು ಕಲಿಸುವುದುಂಟು. ಬಳಲದವನಿಗೆ ಈ ಪದದ ಸವಿ ತಿಳಿಯದು. ಸತ್ಯವೇದವೂ ವಿಶ್ರಾಂತಿಯನ್ನು ದುಡಿದು ಬಳಲಿದವರಿಗೇ ವಾಗ್ದಾನ ಮಾಡುತ್ತದೆ. ಆ ವಿಶ್ರಾಂತಿಯು ಎಲ್ಲಿಂದ ದೊರೆಯುತ್ತದೆ, ಅದರಿಂದ ಬಲವು ಹೇಗೆ ಹುಟ್ಟುತ್ತದೆ ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ಈ ವಿಚಾರವು ನಮ್ಮ ಸೀಮೆಯವರಿಗೆ ದೂರದ್ದಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಉತ್ಪಾದನೆಯನ್ನಾರಂಭಿಸಿತು. 1936ರಲ್ಲಿ ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಅವುಗಳ ಸಂಬಳದಿಂದ ಎಷ್ಟೋ ಮನೆಗಳ ಒಲೆ ಉರಿಯಿತು, ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದರು. ಕಾಗದದ ಯಂತ್ರಗಳು ಕಳೆದ ದಶಕದಲ್ಲಿ ನಿಂತುಹೋದವು. 2023ರ ಆರಂಭದಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನವು ಹೊರಬಿದ್ದಾಗ ಕೆಲಸಗಾರರು ಧರಣಿ ಕುಳಿತರು. ತಲೆಮಾರುಗಳಿಂದ ನಂಬಿದ ಆಸರೆಯು ಅಲುಗಿದರೆ ಮನೆಯ ತಾಯಿಗೆ ನಿದ್ರೆ ಬಾರದು. ಅಂಥವಳಿಗೆ ದೇವರನ್ನು ನಂಬು ಎಂದು ಹೇಳುವುದು ಸುಲಭ. ಆ ಮಾತಿನ ಅರ್ಥವೇನೆಂದು ತೋರಿಸುವುದು ಕಷ್ಟ.

ಮೊದಲನೆಯದಾಗಿ ಪ್ರವಾದಿಯಾದ ಯೆಶಾಯನ ಗ್ರಂಥದ 30ನೆಯ ಅಧ್ಯಾಯವನ್ನು ನೋಡಿರಿ. ಕ್ರಿಸ್ತಪೂರ್ವ ಎಂಟನೆಯ ಶತಮಾನದ ಕಡೆಯಲ್ಲಿ ಅಶ್ಶೂರದ ಸೈನ್ಯದ ಭಯವು ಯೆಹೂದ್ಯರನ್ನು ಆವರಿಸಿತು. ಅವರು ದೇವರ ಕಡೆಗೆ ತಿರುಗದೆ ಐಗುಪ್ತದ ಕುದುರೆಗಳನ್ನು ನೆಚ್ಚಿದರು. ಶಾಂತರಾಗಿ ನನ್ನಲ್ಲಿ ಭರವಸವಿಟ್ಟರೆ ಅದೇ ನಿಮಗೆ ಬಲವಾಗುವುದೆಂಬ ಅರ್ಥದ ಸಂದೇಶವನ್ನು ದೇವರು ಪ್ರವಾದಿಯ ಮೂಲಕ ಕಳುಹಿಸಿದರೂ ಜನರು ಒಪ್ಪಲಿಲ್ಲ. ಹಾಗಾದರೆ ನಂಬಿದವನು ಕೈಕಟ್ಟಿ ಕುಳಿತಿರಬೇಕೇ? ಇಲ್ಲ. ಅದೇ ಕಾಲದಲ್ಲಿ ಅರಸನಾದ ಹಿಜ್ಕೀಯನು ಯೆರೂಸಲೇಮಿಗೆ ನೀರು ತರುವ ಸುರಂಗವನ್ನು ಬಂಡೆಯಲ್ಲಿ ತೋಡಿಸಿದನು. ಸುಮಾರು 530 ಮೀಟರು ಉದ್ದದ ಸುರಂಗವೊಂದು ಆತನ ಹೆಸರಿನಲ್ಲಿ ಇಂದಿಗೂ ಅಲ್ಲಿ ಉಂಟು. ನೀರಿನ ಏರ್ಪಾಟು ಮಾಡಿದ್ದನ್ನು ಪ್ರವಾದಿಯು ತಪ್ಪೆನ್ನಲಿಲ್ಲ. ಕೊಳವನ್ನು ನೋಡಿದವರು ಅದನ್ನು ದಯಪಾಲಿಸಿದಾತನ ಕಡೆಗೆ ನೋಡಲಿಲ್ಲವೆಂಬುದೇ ಆತನ ಆಕ್ಷೇಪಣೆ. ಆದಕಾರಣ ಹಕ್ಕಿಗಾಗಿ ಕೇಳುವುದೂ ಬೇರೆ ಉದ್ಯೋಗವನ್ನು ಹುಡುಕುವುದೂ ಅಪನಂಬಿಕೆಯಲ್ಲ. ಕೈ ದುಡಿಯಲಿ, ಹೃದಯವು ಮಾತ್ರ ಸಂಬಳದ ಮೇಲೆ ಒರಗದೆ ದೇವರ ಮೇಲೆ ಒರಗಲಿ.

ಎರಡನೆಯದಾಗಿ ಎಲೀಯನ ಚರಿತ್ರೆ. ರಾಣಿಯ ಬೆದರಿಕೆಗೆ ಓಡಿಹೋಗಿ, ಅಡವಿಯ ಗಿಡದ ಕೆಳಗೆ ಕುಳಿತು ಆತನು ಮರಣವನ್ನೇ ಬೇಡಿಕೊಂಡನು. ದೇವರು ಆತನನ್ನು ಗದರಿಸಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೊದಲು ನಿದ್ರೆ, ಆಮೇಲೆ ಕೆಂಡದ ಮೇಲೆ ಸುಟ್ಟ ರೊಟ್ಟಿ, ಕುಡಿಯಲು ನೀರು, ತಿರುಗಿ ನಿದ್ರೆ. ಆ ಆಹಾರದ ಬಲದಿಂದ ಆತನು ನಲವತ್ತು ದಿವಸ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದನು. ಸೋತವರ ಶರೀರವನ್ನೂ ದೇವರು ಬಲ್ಲನು. ನೊಂದವಳ ಮನೆಗೆ ಉಪದೇಶಕ್ಕಿಂತ ಮುಂಚೆ ಊಟವನ್ನು ಕೊಂಡೊಯ್ಯುವವಳು ದೇವದೂತನ ಕೆಲಸವನ್ನೇ ಮಾಡುತ್ತಾಳೆ.

ಮೂರನೆಯದಾಗಿ ಯೇಸು ಸ್ವಾಮಿಯ ಕರೆ. ಮತ್ತಾಯನ ಸುವಾರ್ತೆಯ 11ನೆಯ ಅಧ್ಯಾಯದ ಕಡೆಯಲ್ಲಿ, ಹೊರೆಹೊತ್ತವರಿಗೆ ವಿಶ್ರಾಂತಿಯನ್ನು ಕೊಡುವೆನೆಂದ ಕರ್ತನು ಒಡನೆಯೇ ತನ್ನ ನೊಗವನ್ನು ಹೊರಬೇಕೆನ್ನುತ್ತಾನೆ. ನೊಗವು ದುಡಿಮೆಯ ಗುರುತಲ್ಲವೇ? ನಮ್ಮ ಹಿರಿಯರು ಹೊಸ ಹೋರಿಯನ್ನು ಪಳಗಿಸುವಾಗ ನುರಿತ ಎತ್ತಿನ ಜೊತೆಗೆ ಅದನ್ನು ಕಟ್ಟುತ್ತಿದ್ದರು. ಸಾಲು ಬಿಡದೆ ನಡೆಯುವ ಹೊಣೆ ಹಿರಿಯ ಎತ್ತಿನದು. ಜೊತೆಗೆ ಹೆಜ್ಜೆಯಿಡುವುದಷ್ಟೇ ಎಳೆಯದರ ಪಾಲು. ಕರ್ತನು ಕೊಡುವ ವಿಶ್ರಾಂತಿಯೂ ಹೀಗೆಯೇ. ಹೊಲವು ತೀರುವುದಿಲ್ಲ, ಒಂಟಿತನವು ತೀರುತ್ತದೆ.

ಲಕ್ಕವಳ್ಳಿಯ ಅಣೆಕಟ್ಟಿನ ಹಿಂದೆ ಭದ್ರೆಯ ನೀರು ಸುಮ್ಮನೆ ನಿಂತಂತೆ ತೋರುತ್ತದೆ. ಆದರೆ ಕಾಲುವೆಗಳಿಗೆ ಹರಿವೂ ವಿದ್ಯುತ್ತಿಗೆ ಶಕ್ತಿಯೂ ಒದಗುವುದು ಆ ನಿಂತ ನೀರಿನಿಂದಲೇ. ದಿನದ ಕಡೆಯಲ್ಲಿ ಕಾಲು ಗಂಟೆ ದೇವರ ಸನ್ನಿಧಿಯಲ್ಲಿ ಮೌನವಾಗಿರಿ. ನಿಮ್ಮ ಚಿಂತೆಗಳನ್ನು ಹೆಸರು ಹಿಡಿದು ಹೇಳಿ ಆತನಿಗೊಪ್ಪಿಸಿರಿ: ಸಾಲ, ಮಗಳ ಶುಲ್ಕ, ಗಂಡನ ಕೆಲಸ. ಬೆಳಗಾದಾಗ ಸಾಲವು ಹಾಗೆಯೇ ಇದ್ದೀತು. ಅದನ್ನು ಎದುರಿಸುವ ನೀವು ಹಿಂದಿನ ರಾತ್ರಿಯವರಾಗಿರುವುದಿಲ್ಲ. ಶಿವಮೊಗ್ಗದಲ್ಲಾಗಲಿ ಭದ್ರಾವತಿಯಲ್ಲಾಗಲಿ ಪರಸ್ಥಳದಲ್ಲಾಗಲಿ ಇರುವ ನಮ್ಮ ಮಕ್ಕಳೆಲ್ಲರಿಗೂ ಈ ವಿಶ್ರಾಂತಿಯೂ ಈ ಬಲವೂ ದೊರೆಯಲೆಂದು ಪ್ರಾರ್ಥಿಸುತ್ತೇವೆ.